ಸೋರುವ ಮಣ್ಣು

ಆ ಮನೆಯ ತಾರಸಿ ಹಾಕಿದಂದಿನಿಂದ ಒಂದು ಹನಿ ಸೋರಿಲ್ಲ. ಇದು ಮೇಸ್ತ್ರಿಯ ಮಾತು. ಮನೆಗೆ ಯಾರೇ ಬರಲಿ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನೇ ಆಗಲಿ, ಮೊದಲು ತಲೆಯೆತ್ತಿ ಚಾವಣಿ ನೋಡಬೇಕು. "ಎಲ್ಲಾದ್ರೂ ಕಲೆ ಕಾಣುತ್ತಾ?" ಎಂದು ಮೇಸ್ತ್ರಿ ಕೇಳಬೇಕು. ಇಲ್ಲ ಎಂದವರಿಗೆ ಚಹಾ ಸಿಗುತ್ತಿತ್ತು. ಜೇಡರ ಬಲೆ ತೋರಿಸಿದವರಿಗೂ ಸಿಗುತ್ತಿತ್ತು, ಸ್ವಲ್ಪ ತಡವಾಗಿ.

ಅವನು ಗಾರೆ ಕೆಲಸದ ಮೇಸ್ತ್ರಿ. ಬೀದಿಯ ಅರ್ಧ ಮನೆಗಳು ಅವನ ಕೈಯಲ್ಲೇ ಎದ್ದವು. ಕಳೆದ ಬೇಸಿಗೆಯಲ್ಲಿ ಮೂರನೇ ಮಹಡಿಯ ಸಾರ್ವೆ ಮೇಲೆ ನಿಂತು ಹೊರಗೋಡೆ ಸವರುತ್ತಿದ್ದಾಗ ತಲೆ ಸುತ್ತಿತು. ಪಕ್ಕದವನು ಅಂಗಿಯ ಕಾಲರ್ ಹಿಡಿದು ಎಳೆದ. ಕಾಲರ್ ಕಿತ್ತು ಪಕ್ಕದವನ ಕೈಗೆ ಬಂತು, ಮೇಸ್ತ್ರಿ ಹಲಗೆಯ ಮೇಲೆ ಕುಕ್ಕರಿಸಿ ಬದುಕಿಕೊಂಡ. ಆಸ್ಪತ್ರೆಯವರು ಇನ್ನು ಮೇಲೆ ಏಣಿಯ ಸಹವಾಸವೂ ಬೇಡ ಎಂದರು.

ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಹಾಕುವವಳು. ಅವಳ ಕೊರಳಿನಿಂದ ಅಳತೆ ಟೇಪು ಇಳಿದದ್ದನ್ನು ಕಂಡವರಿಲ್ಲ, ಅದಕ್ಕೇ ಬೀದಿಗೆಲ್ಲ ಟೇಪಮ್ಮ. ಊರವರ ಹರಿದದ್ದನ್ನೆಲ್ಲ ಹೊಲಿದವಳು ಗಂಡನ ಆ ನೀಲಿ ಗೆರೆಯ ಅಂಗಿಯನ್ನು ಮಾತ್ರ ಮುಟ್ಟಲಿಲ್ಲ. ಹೊಲಿಗೆ ಮಿಷನ್ ಹಿಂದಿನ ಮೊಳೆಗೆ ನೇತುಹಾಕಿಬಿಟ್ಟಳು. "ಅದು ನನ್ನ ಕೆಲಸದ ಅಂಗಿ ಕಣೆ, ಕಾಲರ್ ಹಾಕಿಕೊಡು" ಎಂದು ಅವನು ಕೇಳಿದಾಗಲೆಲ್ಲ ನೂಲು ಮುಗಿದಿದೆ ಎನ್ನುವಳು. ಪಕ್ಕದ ಡಬ್ಬದಲ್ಲಿ ಮುಚ್ಚಳ ಹಾಕಲಾಗದಷ್ಟು ನೂಲು ಇತ್ತು.

ಮೇಸ್ತ್ರಿ ಮನೆಯಲ್ಲಿ ಕೂತ. ಕೂತ ಎನ್ನುವುದು ಮಾತಿಗೆ. ಅಡುಗೆಮನೆಯ ಕಪಾಟು ಒಂದು ಬೆರಳು ವಾಲಿದೆ ಎಂದು ಕಿತ್ತು ಮತ್ತೆ ಹೊಡೆದ. ಸೊಸೆ ಸ್ನಾನಕ್ಕೆ ಹೊರಟರೆ ಬಚ್ಚಲಿನ ಬಾಗಿಲಿಗೆ ರಸಮಟ್ಟ ಹಿಡಿದು ನಿಂತಿರುತ್ತಿದ್ದ. ಗುಳ್ಳೆ ನಡುವಿಗೆ ಬಂದಿಲ್ಲ, ಬಾಗಿಲು ಸೊಟ್ಟಗಿದೆ, ಬಿಚ್ಚಬೇಕು ಎನ್ನುತ್ತಿದ್ದ. ಬಸ್ ಕಂಡಕ್ಟರ್ ಆದ ಮಗ, ಅಪ್ಪ ಮನೆಯಲ್ಲಿರುವುದಕ್ಕಿಂತ ತುಂಬಿದ ಬಸ್ಸೇ ಆರಾಮ ಎಂದು ಹೆಚ್ಚುವರಿ ಪಾಳಿ ಕೇಳಿಕೊಂಡ.

ಉಪಾಯ ತಂದವಳು ಸೊಸೆ. ಅವಳು ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದವಳು, ಸಂಜೆ ಮಾರಾಟವಾಗದ ಬ್ರೆಡ್ಡು ಬನ್ನುಗಳ ಚೀಲ ಹಿಡಿದು ಬರುವಳು. ಒಂದು ಸಂಜೆ ಚೀಲ ಇಳಿಸಿ, ತಾರಸಿ ಖಾಲಿ ಬಿದ್ದಿದೆ, ಕುಂಡದಲ್ಲಿ ನಿಂಬೆ ಕಿತ್ತಳೆ ಬೆಳೆಸಬಹುದಲ್ಲ, ಮಾವ ನೋಡಿಕೊಂಡರೆ ಬೇಕರಿಗೇ ಹಣ್ಣು ಕೊಡಬಹುದು ಎಂದಳು. ಮೇಸ್ತ್ರಿ ಬನ್ನು ಅಗಿಯುತ್ತಾ ಯೋಚಿಸಿದ. ಮಳೆ ಮುಗಿದ ಮೇಲೆ ನಾಲ್ಕು ಮಹಡಿಯ ಕೆಲಸ ಇದೆ ಎಂದು ಹಳೇ ಕಂಟ್ರಾಕ್ಟರ್ ಆಗಲೇ ಫೋನು ಮಾಡಿದ್ದ.

"ಮೂರು ಗಿಡ ತನ್ನಿ," ಅಂದ. "ಮಳೆ ಮುಗಿಯೋ ಹೊತ್ತಿಗೆ ಮೂರಕ್ಕೆ ಮೂರೂ ಗಿಡ ಹಿಡಿದ್ರೆ ನಾನು ಮನೇಲೇ ಇರ್ತೀನಿ. ಒಂದು ಸತ್ರೂ ಸಾರ್ವೆ ಹತ್ತೋನೇ. ಕೂತು ತಿನ್ನೋ ಆಸಾಮಿ ಅಲ್ಲ ನಾನು."

ಟೇಪಮ್ಮ ಆ ಮಾತನ್ನು ಒಂದಕ್ಷರ ಬಿಡದೆ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಳು.

ಗಿಡ ತರಲು ಮೇಸ್ತ್ರಿ, ಸೊಸೆ, ಮೊಮ್ಮಗಳು ಹೋದರು. ಮೊಮ್ಮಗಳಿಗೆ ಮನೆಯಲ್ಲಿ ಪಿಟೀಲು ಎಂದೇ ಹೆಸರು, ಶುರು ಹಚ್ಚಿದರೆ ನಿಲ್ಲಿಸುವ ಹುಡುಗಿಯಲ್ಲ. ನರ್ಸರಿಯವಳು ಒಂದು ನಿಂಬೆ, ಒಂದು ಕಿತ್ತಳೆ, ಒಂದು ಮೋಸಂಬಿ ತೆಗೆದಿಟ್ಟು ಮೋಸಂಬಿಯ ಕಾಂಡದ ಬುಡದ ಹತ್ತಿರದ ಗಂಟು ತೋರಿಸಿದಳು. ಇವೆಲ್ಲ ಕಸಿ ಗಿಡ, ಗಂಟಿನ ಮೇಲಿರುವುದು ಮೋಸಂಬಿ, ಕೆಳಗಿರುವುದು ಕಾಡು ಹುಳಿ, ಗಂಟಿನ ಕೆಳಗೆ ಚಿಗುರಿದರೆ ಚಿವುಟಿ ಎಸೆಯಬೇಕು ಎಂದಳು. ಅಡಿಪಾಯ ಒಬ್ಬರದು, ಮನೆ ಇನ್ನೊಬ್ಬರದು ಎಂದು ಮೇಸ್ತ್ರಿಗೆ ತಕ್ಷಣ ಅರ್ಥವಾಯಿತು.

ಜಗಳ ಹತ್ತಿದ್ದು ಮಣ್ಣಿನ ವಿಷಯಕ್ಕೆ. ಕುಂಡಕ್ಕೆ ಹಾಕುವ ಮಣ್ಣು ಚೀಲದಲ್ಲಿ ಸಿದ್ಧವಾಗಿ ಬರುತ್ತದೆ, ಅದೇ ಒಳ್ಳೇದು ಎಂದು ಅವಳು ಒಂದು ಚೀಲ ಮುಂದಿಟ್ಟಳು. ಬೆಲೆ ನೋಡಿದರೆ ಗಿಡಕ್ಕಿಂತ ಜಾಸ್ತಿ. ಮಣ್ಣಿಗೂ ದುಡ್ಡು ಸುರಿಯುವ ಕಾಲ ಬಂತೇ ಎಂದು ಮೇಸ್ತ್ರಿ ಚೀಲ ಎತ್ತಿ ನೋಡಿದ. ಒಂದೇ ಕೈಗೆ ಬಂತು.

"ಇದರಲ್ಲಿ ಮಣ್ಣೇ ಇಲ್ವಲ್ಲಮ್ಮ?"

"ಇಲ್ಲ. ನಾರು, ತೊಗಟೆ ಚೂರು, ಗೊಬ್ಬರ, ಅಷ್ಟೇ."

ಕಳ್ಳತನವನ್ನು ಅವಳೇ ಒಪ್ಪಿಕೊಂಡಳು ಎಂದು ಮೇಸ್ತ್ರಿ ಸೊಸೆಯ ಕಡೆ ನೋಡಿದ. ಜೀವನವಿಡೀ ಕಲಸುವುದೇ ಕಸುಬಾದವನಿಗೆ ಒಬ್ಬಳು ಹೆಂಗಸು ಮಣ್ಣಿಲ್ಲದ ಮಣ್ಣು ಮಾರುತ್ತಾಳೆ. ಗಿಡ ಮಾತ್ರ ಕಟ್ಟಿಸಿಕೊಂಡು ಬಂದರು. ದಾರಿಯುದ್ದಕ್ಕೂ ಪಿಟೀಲು, ಮಣ್ಣಿಲ್ಲದಿದ್ದರೆ ಅದನ್ನು ಮಣ್ಣು ಅಂತ ಯಾಕೆ ಕರೀತಾರೆ ತಾತ ಎಂದು ಕುಯ್ದಳು.

ಮೇಸ್ತ್ರಿ ಕಲಸಿದ ಮಿಶ್ರಣ ನೋಡುವಂತಿತ್ತು. ಯಾವುದೋ ಮನೆಯ ಅಡಿಪಾಯ ತೋಡಿದ ಜಾಗದಿಂದ ಪುಕ್ಕಟೆ ಕೆಮ್ಮಣ್ಣು ತಂದ. ಗೋಡೆಯ ಗಿಲಾವಿಗೆ ಮರಳು ಸೋಸುವ ಜರಡಿಯಲ್ಲೇ ಅದನ್ನು ಸೋಸಿ ಹಿಟ್ಟು ಮಾಡಿದ. ನಯವಾದ ಮರಳು, ಒಂದಿಷ್ಟು ಸಗಣಿ ಗೊಬ್ಬರ ಸೇರಿಸಿ ಒಣಗಿದ್ದಾಗ ಮೂರು ಸಲ, ನೀರು ಹಾಕಿ ಮೂರು ಸಲ ಮಗುಚಿದ. ಬಣ್ಣದ ಖಾಲಿ ಡ್ರಮ್ಮುಗಳು ಮನೆಯಲ್ಲೇ ಇದ್ದವು, ಮಗ ಕಾದ ಸರಳಿನಿಂದ ಅವುಗಳ ತಳಕ್ಕೆ ತೂತು ಹಾಕಿದ. ಮೇಸ್ತ್ರಿ ಗಿಡ ನಿಲ್ಲಿಸಿ, ತೂಗುಗುಂಡು ಬಿಟ್ಟು ನೇರ ನೋಡಿ, ಮಣ್ಣು ತುಂಬಿ, ಗಟ್ಟಿಯಾಗಲು ಮರದ ತುಂಡಿನಿಂದ ದಮ್ಮಸು ಹೊಡೆದು, ಮೇಲೆ ಕರಣೆಯಿಂದ ಸವರಿ ರಸಮಟ್ಟ ಇಟ್ಟ. ಗುಳ್ಳೆ ನಡುವಿಗೆ ಬಂತು. ಟೇಪಮ್ಮ ಪ್ರತಿ ಗಿಡದ ಎತ್ತರ ಅಳೆದು, ತೋಳಿನ ಅಳತೆ ಬರೆದುಕೊಳ್ಳುವಂತೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು.

ಮೊದಲ ಸಲ ನೀರು ಹಾಕಿದಾಗ ತಳದ ತೂತುಗಳಿಂದ ಕೆಂಪು ನೀರು ಇಳಿದು ತಾರಸಿಯ ಮೇಲೆಲ್ಲ ಹರಿಯಿತು. ಮೇಸ್ತ್ರಿಯ ಮುಖ ಚಿಕ್ಕದಾಯಿತು. ಮರುದಿನ ನೀರು ಹಾಕಿದರೆ ಡ್ರಮ್ಮುಗಳ ಕೆಳಗೆ ಒಂದು ಹನಿ ಇಲ್ಲ. ಮೇಸ್ತ್ರಿ ಒಂದು ಮೂಲೆಯಲ್ಲಿ ಶಿಳ್ಳೆ ಹಾಕುತ್ತಾ ಕರಣೆ ತೊಳೆಯುತ್ತಿದ್ದ. ಕರಣೆಗೆ ಸಿಮೆಂಟು ಹೇಗೆ ಹತ್ತಿತು ಎಂದು ಯಾರೂ ಕೇಳಲಿಲ್ಲ. ಕೇಳಬೇಕಿತ್ತು.

ಮಳೆ ಶುರುವಾಯಿತು. ಬೀದಿಯ ಮರಗಳೆಲ್ಲ ಹಸಿರಾದರೆ ಇವರ ಗಿಡಗಳು ಹಳದಿಯಾದವು. ಮೊದಲು ಮೋಸಂಬಿಯ ಕೆಳಗಿನ ಎಲೆ, ಆಮೇಲೆ ಮೇಲಿನವು, ಆಮೇಲೆ ಕಿತ್ತಳೆ. ಟೇಪಮ್ಮ ದಿನವೂ ಅಳೆದಳು. ಅಳತೆ ಏರಲಿಲ್ಲ. ಮೇಸ್ತ್ರಿ ಮಣ್ಣಿಗೆ ಇನ್ನೂ ಎರಡು ಪೆಟ್ಟು ಹಾಕಿ ಗಟ್ಟಿ ಮಾಡಿದ, ಬೇರು ಅಲ್ಲಾಡುತ್ತಿರಬೇಕು ಎಂದು. ಬಿಸಿಲು ಬಂದ ದಿನ ಎರಡು ಹೊತ್ತು ನೀರು ಹೊಡೆದ, ಹೊಸ ಗೋಡೆಗೆ ಹೊಡೆಯುವ ಹಾಗೆ.

ಕಂಟ್ರಾಕ್ಟರ್ ಮತ್ತೆ ಫೋನು ಮಾಡಿದ. ನೋಡೋಣ, ಗಿಡಗಳ ಮೇಲಿದೆ ಎಂದು ಮೇಸ್ತ್ರಿ ಹೇಳುವುದು ಅಡುಗೆಮನೆಗೆ ಕೇಳಿಸಿತು. ಅಲ್ಲಿಂದ ಆ ಮನೆಯವರಿಗೆ ತಾರಸಿಯ ಮೇಲೆ ಇದ್ದಕ್ಕಿದ್ದಂತೆ ಬಹಳ ಕೆಲಸ ಹುಟ್ಟಿಕೊಂಡಿತು. ಯಾವತ್ತೂ ಬಟ್ಟೆ ಒಣಗಿಸದ ಮಗ ಬಟ್ಟೆ ತರಲು ಮೇಲೆ ಹೋದ. ಸೊಸೆ ಬೇಕರಿಯಿಂದ ಬಂದವಳೇ ಗಾಳಿಗೆ ಕೂರುತ್ತೇನೆ ಎಂದು ಬಾಟಲಿ ಹಿಡಿದು ಹೋದಳು. ಟೇಪಮ್ಮನ ಸೆರಗಿನಡಿ ಯಾವಾಗಲೂ ಏನೋ ಮುಚ್ಚಿರುತ್ತಿತ್ತು. ಪಾಠ ಓದುವುದಕ್ಕೆ ತಾರಸಿಯೇ ಸರಿ ಎಂದಳು ಪಿಟೀಲು, ಪುಸ್ತಕ ಕೆಳಗೇ ಬಿಟ್ಟು. ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತುವರು, ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಮಳೆ ಬರಬಹುದು ಎನ್ನುವರು.

ಒಂದು ವಾರ ಮಳೆ ಬಿಟ್ಟಿತು. ಭಾನುವಾರ ಬೆಳಿಗ್ಗೆ ಮೇಸ್ತ್ರಿ ನೋಡಿದರೆ ಮಣ್ಣಿನ ಮೇಲೆ ಬೆಳ್ಳಗೆ ಪೊರೆ ಕಟ್ಟಿದೆ. ಉಗುರಿನಿಂದ ಕೆರೆದು ನಾಲಿಗೆಗಿಟ್ಟುಕೊಂಡ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು, ಅನ್ನ, ಬೇಳೆ, ಬೇಯಿಸಿದ ಮೊಟ್ಟೆ, ನಿನ್ನೆಯ ಬ್ರೆಡ್ಡು. ಅವನು ತಟ್ಟೆ ಮುಟ್ಟಲಿಲ್ಲ.

"ಗೋಡೆಗೆ ಉಪ್ಪು ಏಳೋದು ಎರಡು ಕಾರಣಕ್ಕೆ," ಅಂದ. "ಒಳಗೆ ನೀರು ನಿಂತಿರಬೇಕು. ಇಲ್ಲ, ಕಲಸಿದ್ದರಲ್ಲೇ ಉಪ್ಪಿರಬೇಕು. ನಾನು ಉಪ್ಪು ಕಲಸಿಲ್ಲ. ಯಾರು ಏನು ಹಾಕಿದ್ರಿ?"

ಎಲ್ಲರಿಗೂ ಒಮ್ಮೆಲೇ ಬೇಳೆ ಬಹಳ ರುಚಿಯಾಯಿತು. ಸುಮ್ಮನಿರುವುದು ಪಿಟೀಲಿನ ಜಾಯಮಾನವಲ್ಲವಾದ್ದರಿಂದ ಅವಳೇ ಮೊದಲು ಬಿಚ್ಚಿದಳು.

"ನಾನು ಶಕ್ತಿ ಮಾತ್ರೆ ಹಾಕ್ದೆ ತಾತ. ನಂಗೆ ಕೊಡ್ತಾರಲ್ಲ, ಅದು. ದಿನಾ ಪುಡಿ ಮಾಡಿ ಮೂರಕ್ಕೂ ಹಂಚ್ತಿದ್ದೆ."

"ಹಾಗಾದ್ರೆ ನೀನು ತಿಂತಿದ್ದಿದ್ದು?" ಎಂದಳು ಅವಳ ಅಮ್ಮ.

"ನಾನೇನು ಹಳದಿ ಆಗಿಲ್ವಲ್ಲ."

ಬೈಯಲು ಬಾಯಿ ತೆರೆದ ಸೊಸೆ ಮುಚ್ಚಿದಳು, ಏಕೆಂದರೆ ಅವಳ ಬಾಟಲಿಯಲ್ಲಿ ಬೇಕರಿಯ ಯೀಸ್ಟು ತೊಳೆದ ನೀರಿಗೆ ಬೆಲ್ಲ ಕರಗಿಸಿದ್ದು ಇರುತ್ತಿತ್ತು. ಹಿಟ್ಟು ಉಬ್ಬುವುದಾದರೆ ಗಿಡವೂ ಉಬ್ಬಬಹುದು ಎಂದು ಅವಳ ಲೆಕ್ಕ. ಮಗ ಎಲ್ಲಕ್ಕಿಂತ ಅಗ್ಗದ ರಸಗೊಬ್ಬರ ಹುಡುಕಿ ತಂದು ವಾರಕ್ಕೊಮ್ಮೆ ಹಾಕಿದ್ದ. ಎಷ್ಟು ಹಾಕಿದೆ ಎಂದರೆ ಡ್ರಮ್ಮಿಗೆ ಒಂದು ಹಿಡಿ ಎಂದ. ಪೊಟ್ಟಣದ ಮೇಲೆ ತಿಂಗಳಿಗೆ ಒಂದು ಚಮಚ ಅಂತಿತ್ತು, ಚಮಚ ಕೈಗೆ ಸಿಗಲಿಲ್ಲ ಎಂದೂ ಹೇಳಿದ. ಟೇಪಮ್ಮ ಮಾತ್ರ ತಣ್ಣಗೆ ಬ್ರೆಡ್ಡು ಮುರಿಯುತ್ತಿದ್ದಳು. ಗಂಡ ನೋಡುತ್ತಲೇ ಇದ್ದುದರಿಂದ, ಬಚ್ಚಲೊಲೆಯ ಬೂದಿ, ಮೊಟ್ಟೆ ಸಿಪ್ಪೆ, ಚಹಾ ಚರಟ ಎಂದು ಒಂದೊಂದೇ ಒಪ್ಪಿಕೊಂಡಳು.

ಮೇಸ್ತ್ರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ಹಾಲಿಗೆ ಹುಳಿ ಹಿಂಡೋರನ್ನ ನೋಡಿದ್ದೆ," ಅಂದ. "ಹುಳಿ ಗಿಡವನ್ನೇ ಹಿಂಡೋ ಮನೆ ಇದೊಂದೇ. ನಂಗೊಂದು ಮಾತು ಕೇಳ್ಬಾರದಿತ್ತಾ? ಕದ್ದು ಹಾಕೋದೇನಿತ್ತು?"

ಟೇಪಮ್ಮ ಬ್ರೆಡ್ಡು ತಟ್ಟೆಯಲ್ಲಿಟ್ಟಳು. "ಕೇಳಿದ್ರೆ ನೀವು ಗಿಡದ ವಿಷಯ ಮಾತಾಡ್ತೀರಿ. ನಮಗೆ ಬೇಕಾಗಿದ್ದು ಗಿಡ ಅಲ್ಲ." "ಸಾರ್ವೆ ಮೇಲೆ ನಿಂತೋರಿಗೆ ಗೋಡೆ ಮಾತ್ರ ಕಾಣುತ್ತೆ ಮೇಸ್ತ್ರಿ. ಕೆಳಗೆ ನಿಂತು ನೋಡೋಳಿಗೆ ನೀವು ಮಾತ್ರ ಕಾಣ್ತೀರಿ."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹೀಗೆ ಹೇಳಿದ್ದು ಇಲ್ಲ. ಮಾತು ಭಾರವಾದಾಗ ಮೇಸ್ತ್ರಿ ಮಾಡುವುದು ಕೆಲಸ. ಎದ್ದು ಮೆಟ್ಟಿಲು ಹತ್ತಿದ. ಉಳಿದವರು ಎಂಜಲು ಕೈಯಲ್ಲೇ ಹಿಂದೆ ಹೋದರು.

ಮೋಸಂಬಿಯಲ್ಲಿ ನಾಲ್ಕೇ ಎಲೆ ಉಳಿದಿದ್ದವು. ಅಪ್ಪ ಮಗ ಸೇರಿ ಡ್ರಮ್ಮು ಅಡ್ಡ ಹಾಕಿ ತಟ್ಟಿದರು. ಮಣ್ಣು ಜಪ್ಪಯ್ಯ ಅನ್ನಲಿಲ್ಲ. ಇನ್ನೂ ನಾಲ್ಕು ತಟ್ಟಿದ ಮೇಲೆ ಡ್ರಮ್ಮಿನ ಆಕಾರದಲ್ಲೇ ಇಡಿಯಾಗಿ ಜಾರಿ ಬಂದು ಕಂಬದ ಹಾಗೆ ನಿಂತಿತು. ಅಂಚು ಮುಕ್ಕಾಗಿಲ್ಲ, ಬಿರುಕಿಲ್ಲ. "ಆಹಾ, ಏನು ಎರಕ" ಎಂದು ಮೇಸ್ತ್ರಿಯ ಬಾಯಿಂದ ಬಂದೇಬಿಟ್ಟಿತು. ಆಮೇಲೆ ವಾಸನೆ ಬಂತು. ಕಂಬದ ಬುಡ ಕೊಳೆತ ಕೆಸರು, ಬೇರುಗಳು ಕಪ್ಪಾಗಿದ್ದವು.

ಮಗ ಖಾಲಿ ಡ್ರಮ್ಮಿನೊಳಗೆ ತಲೆ ಹಾಕಿ ನೋಡಿದ. "ಅಪ್ಪ, ನಾನು ತೂತು ಹಾಕಿದ್ನಲ್ಲ. ಎಲ್ಲಿ ಹೋದ್ವು?"

ತೂತುಗಳು ಇದ್ದ ಜಾಗದಲ್ಲಿ ಹೊರಗಿನಿಂದ ಸಿಮೆಂಟು ಹಚ್ಚಿತ್ತು. ಬಿಲ್ಲೆಯಷ್ಟು ದುಂಡಗೆ, ಬೆರಳಿಗೆ ಏರುತಗ್ಗು ಸಿಗದಷ್ಟು ನಯವಾಗಿ ಸವರಿದ ಕೆಲಸ. ಯಾರ ಕೈ ಎಂದು ಕೇಳಬೇಕಾಗಿಯೇ ಇರಲಿಲ್ಲ.

"ಕೆಂಪು ನೀರು ಹರೀತಿತ್ತು," ಅಂದ ಮೇಸ್ತ್ರಿ ನೆಲ ನೋಡುತ್ತಾ. "ತಾರಸಿಗೆ ಇಳಿದ್ರೆ... ಇವತ್ತಿನವರೆಗೂ ಒಂದು ಹನಿ ಸೋರಿಲ್ಲ."

ಮಗನಿಗೆ ನಿಜಕ್ಕೂ ಸಿಟ್ಟು ಬಂತು. ಎಷ್ಟು ದಿನದಿಂದ ಗಿಡದ ಚಿಂತೆಯಲ್ಲಿ ನಿದ್ದೆಗೆಟ್ಟಿದ್ದಾನೆ. "ಇಳಿಯೋ ಬಾಗಿಲು ನೀವು ಮುಚ್ಚಿಬಿಟ್ರಿ. ನಾವು ನೋಡಿದ್ರೆ ಹತ್ತಿಸ್ತಾನೇ ಇದ್ವಿ, ಹತ್ತಿಸ್ತಾನೇ ಇದ್ವಿ. ಒಳಗಿನೋರು ಉಸಿರುಕಟ್ಟಿ ಸಾಯದೆ ಇನ್ನೇನು?"

"ನಾವು ಕದ್ದು ಹಾಕಿದ್ವಿ, ನೀವು ಕದ್ದು ಮುಚ್ಚಿದ್ರಿ," ಎಂದಳು ಟೇಪಮ್ಮ. "ಸರಿಹೋಯ್ತು." ಅವಳು ನಗಲು ಶುರು ಮಾಡಿದಳು. ಬೇಡವೆಂದರೂ ಎಲ್ಲರಿಗೂ ನಗು ಬಂತು, ಕಡೆಗೆ ಮಗನಿಗೂ. ಮೇಸ್ತ್ರಿ ಮಾತ್ರ ನಗಲಿಲ್ಲ. ಅವನು ಕೂತು ಆ ಮಣ್ಣಿನ ಕಂಬವನ್ನು ನೋಡುತ್ತಿದ್ದ.

ಸೊಸೆ ಕೆಳಗೆ ಹೋಗಿ ಊಟದ ಬ್ರೆಡ್ಡು ತಂದಳು. ಮುರಿದು ಒಳಮೈ ತೋರಿಸಿದಳು. "ಇದರ ತೂತು ನೋಡಿ ಮಾವ. ಹಿಟ್ಟು ಇಷ್ಟೇ. ಗಾಳಿ ನಿಲ್ಲೋಕೆ ಜಾಗ ಬಿಟ್ಟಿದ್ರಿಂದ ಇದು ಬ್ರೆಡ್ಡು. ಬಿಡದಿದ್ರೆ ಇದೂ ಇಟ್ಟಿಗೆ. ನೀವು ಇಟ್ಟಿಗೆ ಸುಟ್ಟಿದ್ದೀರಿ, ಅಷ್ಟೇ."

"ತೂತು ಬಿಟ್ಟ ಕೆಲಸಕ್ಕೆ ನಾನು ಕೂಲಿ ಹಿಡಿದುಬಿಡ್ತಿದ್ದೆ ಕಣಮ್ಮ," ಅಂದ ಮೇಸ್ತ್ರಿ. ಆದರೆ ಬ್ರೆಡ್ಡನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ತಿಂದ.

ಮರುದಿನ ನರ್ಸರಿಗೆ ಹೋಗಿ, ಮಣ್ಣಿಲ್ಲದ ಮಣ್ಣಿನ ಚೀಲ ಒಂದು ಕೊಡಮ್ಮ ಎಂದ. ಅವಳು ಹಳೇದನ್ನು ಎತ್ತಿ ಆಡಲಿಲ್ಲ. ಮೂರು ಡ್ರಮ್ಮಿಗೂ ಅದನ್ನೇ ತುಂಬುವ ಶಕ್ತಿ ಮನೆಗಿರಲಿಲ್ಲ, ಅವಳಿಗೂ ಅದು ಗೊತ್ತಿತ್ತು. ಇದನ್ನು ನೋಡಿಕೊಂಡು ನೀವೇ ಮಾಡಿಕೊಳ್ಳಿ, ಚೂರು ಚೂರಾಗಿರಬೇಕು, ಹಿಡಿದು ಅದುಮಿ ಕೈಬಿಟ್ಟರೆ ಉದುರಬೇಕು, ಉಂಡೆ ಕಟ್ಟಿದರೆ ಕೆಟ್ಟಿತು ಎಂದು ಹೇಳಿ ಹಳೇ ಎಲೆಗೊಬ್ಬರ ಒಂದು ಮೂಟೆ ಅಗ್ಗಕ್ಕೆ ಕೊಟ್ಟಳು.

ಮೇಸ್ತ್ರಿ ಚೀಲವನ್ನು ತಾರಸಿಯ ಮೇಲೆ ಸುರಿದು ಒಂದೊಂದು ಚೂರನ್ನೂ ಬೇರೆ ಮಾಡಿ ನೋಡಿದ. ತೊಗಟೆಯ ಬದಲಿಗೆ ಇಟ್ಟಿಗೆ ಚೂರು ಆಗಬಹುದು ಅನ್ನಿಸಿತು, ಅದಂತೂ ಹಿತ್ತಲಲ್ಲಿ ರಾಶಿ ಬಿದ್ದಿತ್ತು. ಬೇಕರಿಯವರು ಎಸೆಯುವ ತೆಂಗಿನ ಸಿಪ್ಪೆಯನ್ನು ಸೊಸೆ ಚೀಲಗಟ್ಟಲೆ ತಂದಳು. ಟೇಪಮ್ಮ ಅದನ್ನು ನೀರು ಬದಲಿಸಿ ಬದಲಿಸಿ ನೆನೆಸಿ, ಬಟ್ಟೆ ಕತ್ತರಿಸುವ ಹಳೇ ಕತ್ತರಿಯಲ್ಲೇ ತುಂಡು ಮಾಡಿಕೊಟ್ಟಳು. ಕತ್ತರಿಯ ಬಾಯಿ ಹೋಯಿತು, ಅವಳ ಬಾಯಿ ಇನ್ನೂ ಜೋರಾಯಿತು. ಮರಳಿಗೆ ಮತ್ತೆ ಜರಡಿ ಹಿಡಿದರು. ಇಷ್ಟು ಕಾಲ ಜರಡಿಯ ಕೆಳಗೆ ಬಿದ್ದದ್ದು ಕೆಲಸಕ್ಕೆ, ಮೇಲೆ ಉಳಿದದ್ದು ಕಸಕ್ಕೆ. ಈಗ ಮೇಲೆ ಉಳಿದದ್ದನ್ನು ಇಟ್ಟುಕೊಂಡು ಕೆಳಗೆ ಬಿದ್ದದ್ದನ್ನು ಎಸೆಯಬೇಕು. ಮೇಸ್ತ್ರಿಯ ಕೈ ಎರಡು ಸಲ ತಪ್ಪಿ ಒಳ್ಳೇದನ್ನೇ ಎಸೆಯಿತು, ಪಿಟೀಲು ಬಾಚಿ ತಂದಳು.

ಗೊಬ್ಬರದ ಅಂಗಡಿಯಲ್ಲಿ ಇನ್ನೊಂದು ಪಂಚಾಯಿತಿ. ಒಂದು ಪೊಟ್ಟಣದ ಮೇಲೆ ಕಿತ್ತಳೆ ಹಣ್ಣಿನ ಚಿತ್ರ, ನಿಂಬೆ ಜಾತಿಗೇ ವಿಶೇಷ ಎಂದು ದೊಡ್ಡಕ್ಷರ, ಬೆಲೆಯೂ ವಿಶೇಷ. ಇನ್ನೊಂದು ಬರೀ ಬೂದು ಪೊಟ್ಟಣ. ಪಿಟೀಲು ಎರಡರ ಹಿಂದಿನ ಸಣ್ಣಕ್ಷರವನ್ನೂ ಜೋರಾಗಿ ಓದಿದಳು. ಅದೇ ಅಂಶ, ಅದೇ ಅಂಕಿ, ಸತು ಕಬ್ಬಿಣ ಕೂಡ ಎರಡರಲ್ಲೂ ಇತ್ತು. ಚಿತ್ರ ತಿನ್ನೋ ಗಿಡ ನಮ್ಮದಲ್ಲ ಎಂದು ಮೇಸ್ತ್ರಿ ಬೂದು ಪೊಟ್ಟಣ ತೆಗೆದುಕೊಂಡ. ಮನೆಗೆ ಬಂದು ಅದನ್ನು ಹೊಲಿಗೆ ಮಿಷನ್‌ನ ಡ್ರಾಯರಿನಲ್ಲಿಟ್ಟು, ಒಂದು ಚಮಚವನ್ನೂ ಜೊತೆಗಿಟ್ಟು, ಮಗನಿಗೆ ಚಮಚ ತೋರಿಸಿದ. ಗಿಡ ಮೊದಲು ಬೇರು ಬಿಡಲಿ, ಅಲ್ಲಿಯವರೆಗೆ ಯಾರೂ ಏನೂ ಹಾಕುವಂತಿಲ್ಲ, ಆಮೇಲೂ ಹಾಕುವುದು ಒಂದೇ ಕೈ ಎಂದು ಕಟ್ಟಪ್ಪಣೆ ಆಯಿತು. ಮಾತ್ರೆ ಮೊಮ್ಮಗಳ ಹೊಟ್ಟೆಗೇ ಹೋಗತೊಡಗಿತು.

ಸಿಮೆಂಟು ಕೆತ್ತಿ ತೂತು ತೆಗೆಯುವ ದಿನ ಮೇಸ್ತ್ರಿ ಉಳಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಮಸೆದ. ಜೀವಮಾನವಿಡೀ ಸೋರುವುದನ್ನು ನಿಲ್ಲಿಸಿದವನು, ಈಗ ಸೋರುವಂತೆ ಮಾಡಬೇಕು. ಆದರೆ ಕೆಲಸ ಅಂದ ಮೇಲೆ ಅಚ್ಚುಕಟ್ಟಾಗಿ ಸೋರಬೇಕು. ಡ್ರಮ್ಮುಗಳನ್ನು ಇಟ್ಟಿಗೆಯ ಮೇಲೆ ಎತ್ತಿ ಕೂರಿಸಿದ. ಕೆಳಗೆ ಇಳಿದ ನೀರು ಅತ್ತಿತ್ತ ಅಲೆಯದೆ ಮೂಲೆಯ ಕೊಳವೆಗೆ ಹೋಗುವಂತೆ ತೆಳ್ಳಗೆ ಒಂದು ಕಾಲುವೆ ಕಟ್ಟಿ, ಬೇಕಾದಷ್ಟೇ ಇಳಿಜಾರಿನ ಓಟ ಕೊಟ್ಟ. ಹೊಸ ಮಿಶ್ರಣ ತುಂಬಿ ಮೂರೂ ಗಿಡ ಮತ್ತೆ ನೆಟ್ಟ, ಆದರೆ ದಮ್ಮಸು ಹೊಡೆಯಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ನಿಂಬೆ ಮೊದಲು ಎದ್ದಿತು. ಹತ್ತು ಹದಿನೈದು ದಿನದಲ್ಲಿ ಕಿತ್ತಳೆಯೂ ಕೆಂಪು ತುದಿಯ ಎಲೆ ಬಿಟ್ಟಿತು. ಮೋಸಂಬಿಗೆ ಇದ್ದ ನಾಲ್ಕೂ ಎಲೆ ಉದುರಿ ಬರೀ ಕಡ್ಡಿ ಉಳಿಯಿತು. ತುದಿಯಿಂದ ಒಣಗುತ್ತಾ ಬಂತು. ಟೇಪಮ್ಮ ಅಳೆಯುವುದನ್ನು ನಿಲ್ಲಿಸಿದಳು. ಊಟದ ಹೊತ್ತಿನಲ್ಲಿ ಮೋಸಂಬಿಯ ಹೆಸರು ಯಾರೂ ಎತ್ತುತ್ತಿರಲಿಲ್ಲ. ಮಾತು ಕೊಟ್ಟರೆ ಮುರಿಯುವ ಮನುಷ್ಯನಲ್ಲ ಅವನು, ಅದೇ ಎಲ್ಲರ ಭಯ. ಮಳೆ ಮುಗಿಯಿತು. ಭಾನುವಾರ ಬಂದು ಮಾತಾಡಿಕೊಂಡು ಹೋಗುತ್ತೇನೆ, ಸೋಮವಾರದಿಂದ ಸಾರ್ವೆ ಕಟ್ಟುತ್ತಾರೆ ಎಂದು ಕಂಟ್ರಾಕ್ಟರ್ ಹೇಳಿ ಕಳಿಸಿದ.

ಭಾನುವಾರ ಬೆಳಿಗ್ಗೆ ಟೇಪಮ್ಮ ತಾರಸಿಯಿಂದಲೇ ಗಂಡನನ್ನು ಕರೆದಳು. ಮೋಸಂಬಿಯ ಕಡ್ಡಿಗೆ ಬುಡದ ಹತ್ತಿರ ಬಟ್ಟೆಯ ಪಟ್ಟಿ ಸುತ್ತಿ, ಅಂಚು ಮಡಚಿ ಹೊಲಿದಿದ್ದಳು. ಪಟ್ಟಿಯ ಕೆಳಗಿನ ಅಂಚಿನಿಂದ ಒಂದು ಹಸಿರು ಚಿಗುರು ಹೊರಗೆ ಬಂದಿತ್ತು.

"ಒಂದೂವರೆ ಇಂಚು," ಎಂದಳು ಟೇಪು ಹಿಡಿದು. "ಮೂರೂ ಹಿಡಿದವು."

"ಈ ಬಟ್ಟೆ?"

"ಬಿಸಿಲಿಗೆ ಕಾಂಡ ಸುಡಬಾರದು ಅಂತ."

ಮೇಸ್ತ್ರಿ ಬಗ್ಗಿ ಕೂತ. ಬಟ್ಟೆಯ ಮೇಲೆಯೇ ಹೆಬ್ಬೆರಳು ಆಡಿಸಿದ. ಕಸಿಯ ಗಂಟು ಬೆರಳಿಗೆ ಸಿಕ್ಕಿತು. ಚಿಗುರು ಗಂಟಿಗಿಂತ ಕೆಳಗಿತ್ತು. ಮೋಸಂಬಿ ಹೋಗಿತ್ತು, ಕಾಡು ಹುಳಿ ಎದ್ದಿತ್ತು. ಚಿವುಟಿ ಎಸೆಯಬೇಕಾದ ಚಿಗುರು. ಪಿಟೀಲು ಕೂಡ ನರ್ಸರಿಗೆ ಹೋಗಿದ್ದವಳೇ, "ತಾತ, ಇದು ಗಂಟಿನ..." ಎಂದು ಶುರು ಮಾಡಿದಳು. ಅಜ್ಜಿ ಅವಳ ಬಾಯಿಗೆ ಒಂದು ಇಡೀ ಬನ್ನು ಕೊಟ್ಟಳು.

ಮೇಸ್ತ್ರಿ ಬಟ್ಟೆಯನ್ನು ಇನ್ನೊಮ್ಮೆ ನೋಡಿದ. ನೀಲಿ ಗೆರೆ. ಎದ್ದು ನಿಂತು ಹೆಂಡತಿಯ ಮುಖ ನೋಡಿದ. ಅವಳು ಎಲ್ಲೂ ನೋಡದೆ ಟೇಪು ಸುತ್ತುತ್ತಿದ್ದಳು, ಆದರೆ ಕೈ ತಪ್ಪಿ ತಪ್ಪಿ ಸುತ್ತು ಬಿಚ್ಚಿಕೊಳ್ಳುತ್ತಿತ್ತು. ಅಷ್ಟು ಹೊತ್ತಿಗೆ ಕೆಳಗೆ ಬೈಕು ನಿಂತ ಸದ್ದಾಯಿತು.

ಕಂಟ್ರಾಕ್ಟರ್ ಚಹಾ ಲೋಟ ಹಿಡಿದೇ ತಾರಸಿಗೆ ಬಂದ. ಮೇಸ್ತ್ರಿ ಅವನ ಕಡೆ ತಿರುಗದೆ ಗಿಡಗಳಿಗೆ ನೀರು ಹಾಕುತ್ತಿದ್ದ. ಮೇಲಿಂದ ಹಾಕಿದ ನೀರು ಸರ್ರನೆ ಒಳಗಿಳಿದು ತಳದಿಂದ ಹೊರಬಂದು, ಕಾಲುವೆ ಹಿಡಿದು, ಮೂಲೆಯ ಕೊಳವೆಗೆ ಬಿತ್ತು.

"ಏನ್ ಮೇಸ್ತ್ರಿ, ನಿಮ್ಮ ಕೆಲಸ ಸೋರ್ತಾ ಇದೆಯಲ್ಲ?"

"ಸೋರ್ಬೇಕು ಅಂತಲೇ ಮಾಡಿದ್ದು. ನೋಡು, ಒಂದು ಹನಿ ನಿಲ್ಲಲ್ಲ." ಅವನ ದನಿಯಲ್ಲಿ ಚಾವಣಿ ತೋರಿಸುವಾಗಿನ ಅದೇ ಠೀವಿ ಇತ್ತು.

"ಅದಿರ್ಲಿ. ನಾಳೆ ಬರ್ತೀರಿ ತಾನೇ?"

"ಇಲ್ಲಪ್ಪ. ಮೂರು ಗಿಡ ಹಿಡಿದ್ರೆ ಬರಲ್ಲ ಅಂದಿದ್ದೆ. ಹಿಡಿದಿವೆ."

ಕಂಟ್ರಾಕ್ಟರ್ ಮೋಸಂಬಿಯ ಕಡ್ಡಿಯನ್ನು ಅನುಮಾನದಿಂದ ನೋಡಿದ. ಅವನ ಮನೆಯಲ್ಲೂ ಕಸಿ ಗಿಡಗಳಿದ್ದವು. ಬಗ್ಗಿ, ಈ ಚಿಗುರು ಗಂಟಿನ ಮೇಲಿನದೋ ಕೆಳಗಿನದೋ, ಮೋಸಂಬಿ ಅಂತ ಹೇಗೆ ಹೇಳ್ತೀರಿ ಎನ್ನುತ್ತಾ ಬಟ್ಟೆ ಬಿಚ್ಚಲು ಕೈ ಹಾಕಿದ. ಮೇಸ್ತ್ರಿ ಅವನ ಮಣಿಕಟ್ಟು ಹಿಡಿದ.

"ಗಿಡ ಅಂದಿದ್ದೆ, ಮೋಸಂಬಿ ಅಂದಿರ್ಲಿಲ್ಲ," ಅಂದ. "ಅದನ್ನ ಮಾತ್ರ ಬಿಚ್ಬೇಡ ಮಾರಾಯ. ನನ್ನ ಕೆಲಸದ ಅಂಗಿ ಅದು. ಕಾಲರ್ ಹಾಕಿಕೊಡು, ಹಾಕಿಕೊಡು ಅಂತ ಬೇಸಿಗೆಯಿಂದ ಬೇಡ್ತಾ ಇದ್ದೆ. ಇವತ್ತು ಹಾಕಿದ್ದಾಳೆ ನೋಡು, ಗಿಡಕ್ಕೆ."